ಉಳಿದ ಅನ್ನ: ಎಸ್‌ಟಿಪಿಗೆ ಹೋದರೆ ಖರ್ಚು, ಡೈಜೆಸ್ಟರಿಗೆ ಹೋದರೆ ಕರೆಂಟು

ಇದು ಈ ವಾರದ ಮಾತಿನ ಬರಹ ರೂಪ. ಆಫೀಸಲ್ಲಿ ವೀಡಿಯೊ ಹಾಕೋಕಾಗಲ್ಲ, ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಸ್ವಲ್ಪ ತಿದ್ದಿ, ಕೆಲವು ಲೆಕ್ಕ ಸೇರಿಸಿ ಹಾಕಿದ್ದೀನಿ.

ವಿಷಯ ಬಂದದ್ದು ಹೈದರಾಬಾದಿನ ಒಬ್ಬ ವೀಕ್ಷಕರ ಪ್ರಶ್ನೆಯಿಂದ. ಅವರ ಅಪಾರ್ಟ್‌ಮೆಂಟಿನಲ್ಲಿ ಹಸಿಕಸದ ಜಗಳ ನಡೀತಿದೆ. ಒಂದು ಗುಂಪಿನ ಸಲಹೆ ಹೀಗಿದೆ: "ಪ್ರತಿ ಮನೆಯ ಸಿಂಕಿನ ಕೆಳಗೆ ಒಂದು ಗ್ರೈಂಡರ್ ಹಾಕಿಸಿಬಿಡೋಣ. ಉಳಿದ ಅನ್ನ, ತರಕಾರಿ ಸಿಪ್ಪೆ ಎಲ್ಲಾ ನುಣ್ಣಗಾಗಿ ಪೈಪಿನಲ್ಲಿ ಎಸ್‌ಟಿಪಿಗೆ ಹೋಗುತ್ತೆ. ಫಾರಿನ್ನಲ್ಲಿ ಎಸ್‌ಟಿಪಿಯಲ್ಲೇ ಊಟದ ಕಸದಿಂದ ಗ್ಯಾಸ್ ಮಾಡ್ತಾರಂತೆ. ನಮಗೂ ಆಗುತ್ತೆ." ಕೇಳೋಕೆ ಚೆನ್ನಾಗಿದೆ. ಫಾರಿನ್ನಲ್ಲಿ ಮಾಡೋದೂ ನಿಜ. ಆದರೆ ಆ ಎಸ್‌ಟಿಪಿಗೂ ನಮ್ಮ ಬೇಸ್‌ಮೆಂಟಿನ ಎಸ್‌ಟಿಪಿಗೂ ಹೆಸರು ಮಾತ್ರ ಒಂದೇ. ಒಂದು ಕಡೆ ಉಳಿದ ಅನ್ನ ಕರೆಂಟು ಕೊಡುತ್ತೆ, ಇನ್ನೊಂದು ಕಡೆ ಅದೇ ಅನ್ನ ಕರೆಂಟು ತಿನ್ನುತ್ತೆ. ಇವತ್ತಿನ ಇಡೀ ಮಾತು ಈ ವ್ಯತ್ಯಾಸದ ಬಗ್ಗೆ.

ನಾನು ಪುಣೆಯಲ್ಲಿ ನಮ್ಮ ಸೊಸೈಟಿಯ ಕಮಿಟಿಯಲ್ಲಿದ್ದೀನಿ, ಹಾಗಾಗಿ ಈ ಜಗಳ ನನಗೆ ಹೊಸದಲ್ಲ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಜಾಗಗಳು ಹಸಿಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ಅಂದ್ರೆ ನಮ್ಮಂಥ ಸೊಸೈಟಿಗಳು ಏನೋ ಒಂದು ಮಾಡಲೇಬೇಕು. ಏನು ಮಾಡ್ತೀವಿ ಅನ್ನೋದು ಮೇಂಟೆನೆನ್ಸ್ ಬಿಲ್ಲಿಗೆ ಸಂಬಂಧಿಸಿದ್ದು. ಅದಕ್ಕಿಂತ ಮುಖ್ಯವಾಗಿ, ಆ ಟ್ಯಾಂಕುಗಳ ಪಕ್ಕ ದಿನಾ ಕೆಲಸ ಮಾಡುವವರ ಜೀವಕ್ಕೆ ಸಂಬಂಧಿಸಿದ್ದು.

ಒಂದೇ ಅನ್ನ, ಎರಡು ದಾರಿ

ಮೊದಲು ನಮ್ಮ ಬೇಸ್‌ಮೆಂಟಿನ ಎಸ್‌ಟಿಪಿ ನೋಡೋಣ. ಒಮ್ಮೆ ಕೆಳಗಿಳಿದು ಹೋದರೆ ಮೊದಲು ಕೇಳಿಸೋದು ಬ್ಲೋವರಿನ ಸದ್ದು. ಆ ಬ್ಲೋವರು ಟ್ಯಾಂಕಿನೊಳಗೆ ಗಾಳಿ ಊದುತ್ತಾ ಇರುತ್ತೆ. ಕೊಳಚೆಯಲ್ಲಿರುವ ಕೊಳೆಯನ್ನು ತಿನ್ನೋ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕು, ಅದನ್ನು ನಾವು ಕರೆಂಟು ಸುಟ್ಟು ಕೊಡ್ತೀವಿ. ಕೊಳೆ ಹೆಚ್ಚಾದಷ್ಟೂ ಗಾಳಿ ಹೆಚ್ಚು ಬೇಕು. ಕೊನೆಗೆ ಉಳಿಯೋದು ಇಂಗಾಲದ ಡೈಆಕ್ಸೈಡ್, ನೀರು ಮತ್ತು ಕೊಬ್ಬಿದ ಬ್ಯಾಕ್ಟೀರಿಯಾಗಳ ರಾಶಿ, ಅಂದ್ರೆ ಸ್ಲಡ್ಜ್. ಆ ಸ್ಲಡ್ಜ್ ಸಾಗಿಸೋಕೆ ಮತ್ತೆ ದುಡ್ಡು.

ಇನ್ನೊಂದು ದಾರಿ ಡೈಜೆಸ್ಟರು. ಗಾಳಿಯೇ ಆಡದ ಮುಚ್ಚಿದ ಟ್ಯಾಂಕು. ಅಲ್ಲಿ ಆಮ್ಲಜನಕ ಇಲ್ಲದೆ ಬದುಕೋ ಸೂಕ್ಷ್ಮಜೀವಿಗಳಿರ್ತವೆ. ಅವು ಅದೇ ಕೊಳೆಯನ್ನು ತಿಂದು, ಅದರಲ್ಲಿದ್ದ ಶಕ್ತಿಯ ದೊಡ್ಡ ಪಾಲನ್ನು ಮೀಥೇನ್ ರೂಪದಲ್ಲಿ ಹೊರಗೆ ಬಿಡ್ತವೆ. ಬಯೋಗ್ಯಾಸ್ ಅಂದ್ರೆ ಸುಮಾರು 60 ಪಾಲು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್.

ವೀಡಿಯೊದಲ್ಲಿ ಬೋರ್ಡ್ ಮೇಲೆ ಬರೆದ ಲೆಕ್ಕ ಇಲ್ಲೂ ಹಾಕ್ತೀನಿ. ಕೊಳೆಯನ್ನು ಅಳೆಯೋಕೆ ಸಿಒಡಿ ಅಂತ ಒಂದು ಅಳತೆ ಇದೆ. ಆ ಪದಾರ್ಥವನ್ನು ಪೂರ್ತಿ ಕರಗಿಸೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋದೇ ಅದು. ಬೇಯಿಸಿದ ಅನ್ನದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಇರೋದರಿಂದ, ಸುಮಾರು ಮೂರು ಕಿಲೋ ಅನ್ನಕ್ಕೆ ಒಂದು ಕಿಲೋ ಸಿಒಡಿ ಅಂತ ಇಟ್ಕೊಳ್ಳಿ.

ಈ ಒಂದು ಕಿಲೋ ಸಿಒಡಿ ಬ್ಲೋವರ್ ಇರೋ ಟ್ಯಾಂಕಿಗೆ ಹೋದರೆ, ಅದನ್ನು ಕರಗಿಸೋಕೆ ಸುಮಾರು ಅರ್ಧದಿಂದ ಒಂದು ಯೂನಿಟ್ ಕರೆಂಟು ಖರ್ಚು. ಡೈಜೆಸ್ಟರಿಗೆ ಹೋದರೆ ಹೆಚ್ಚೆಂದರೆ 0.35 ಘನ ಮೀಟರ್ ಮೀಥೇನ್ ಬರುತ್ತೆ. ಇದು ರಸಾಯನಶಾಸ್ತ್ರದ ಲೆಕ್ಕದಲ್ಲಿ ಸಿಗೋ ಮೇಲ್ಮಿತಿ. ಒಂದು ಘನ ಮೀಟರ್ ಮೀಥೇನಿನಲ್ಲಿ ಸುಮಾರು 10 ಯೂನಿಟ್ ಶಾಖ ಇರುತ್ತೆ. ಎಲ್ಲವೂ ಗ್ಯಾಸ್ ಆಗಲ್ಲ, ಎಂಜಿನ್ನಿನಲ್ಲಿ ಮೂರರಲ್ಲಿ ಎರಡು ಪಾಲು ಬಿಸಿಯಾಗಿ ಹೋಗುತ್ತೆ. ಅಷ್ಟೆಲ್ಲಾ ಕಳೆದರೂ ಸುಮಾರು ಒಂದು ಯೂನಿಟ್ ಕರೆಂಟು ಕೈಗೆ ಸಿಗುತ್ತೆ. ಅದೇ ಅನ್ನ ಒಂದು ಖಾತೆಯಲ್ಲಿ ಡೆಬಿಟ್, ಇನ್ನೊಂದು ಖಾತೆಯಲ್ಲಿ ಕ್ರೆಡಿಟ್.

ಹೈದರಾಬಾದಿನವರ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಡೈಜೆಸ್ಟರ್ ಇಲ್ಲದ ಎಸ್‌ಟಿಪಿಗೆ ಗ್ರೈಂಡರಿನಿಂದ ಊಟ ಅರೆದು ಬಿಟ್ಟರೆ ಗ್ಯಾಸ್ ಬರಲ್ಲ, ಕರೆಂಟ್ ಬಿಲ್ ಬರುತ್ತೆ. ಜೊತೆಗೆ ಸಾಂಬಾರಿನ ಎಣ್ಣೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತೆ, ಸ್ಲಡ್ಜ್ ಹೆಚ್ಚುತ್ತೆ, ನೀರು ಸರಿಯಾಗಿ ತಿಳಿಯಾಗಲ್ಲ. ಹಬ್ಬದ ಮಾರನೇ ದಿನ ನಿಮ್ಮ ಎಸ್‌ಟಿಪಿ ಆಪರೇಟರನ್ನ ಕೇಳಿ ನೋಡಿ, ಟ್ಯಾಂಕಿನ ಮೇಲೆ ಬರುವ ನೊರೆಯನ್ನು ಅವರೇ ತೋರಿಸ್ತಾರೆ.

ದೋಸೆ ಹಿಟ್ಟಿಗೆ ಗೊತ್ತಿರೋ ವಿಷಯ

ಹಾಗಾದ್ರೆ ಡೈಜೆಸ್ಟರೊಳಗೆ ನಡೆಯೋದೇನು? ನಾಲ್ಕು ಹಂತದ ಕೆಲಸ. ಮೊದಲ ಗುಂಪು ಅನ್ನದ ಪಿಷ್ಟ, ಬೇಳೆಯ ಪ್ರೋಟೀನು, ಎಣ್ಣೆ ಇವನ್ನೆಲ್ಲಾ ಸಣ್ಣ ಸಣ್ಣ ತುಂಡು ಮಾಡುತ್ತೆ. ಎರಡನೇ ಗುಂಪು ಅವನ್ನು ಆಮ್ಲಗಳಾಗಿ ಬದಲಿಸುತ್ತೆ. ಮೂರನೇ ಗುಂಪು ಆ ಆಮ್ಲಗಳನ್ನು ವಿನೆಗರಿನಲ್ಲಿರೋ ಅಸಿಟಿಕ್ ಆಮ್ಲ ಮತ್ತು ಹೈಡ್ರೋಜನ್ ಮಾಡುತ್ತೆ. ಕೊನೆಯ ಗುಂಪು ಅದರಿಂದ ಮೀಥೇನ್ ಮಾಡುತ್ತೆ. ಈ ಕೊನೆಯ ಗುಂಪು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನೋ ಬೇರೆಯದೇ ಪುರಾತನ ಕುಲ. ತುಂಬಾ ನಿಧಾನ, ತುಂಬಾ ನಾಜೂಕು.

ತೊಂದರೆ ಇರೋದೇ ಇಲ್ಲಿ. ಮುಂದಿನ ಗುಂಪುಗಳು ಚುರುಕು, ಕೊನೆಯದು ಮಂದ. ಸಾಫ್ಟ್‌ವೇರ್ ಮಂದಿಗೆ ಬೇಗ ಅರ್ಥವಾಗುತ್ತೆ: ಪ್ರೊಡ್ಯೂಸರ್ ವೇಗವಾಗಿ ತುಂಬಿಸ್ತಾ ಇದ್ದು, ಕನ್ಸ್ಯೂಮರ್ ನಿಧಾನಕ್ಕೆ ಖಾಲಿ ಮಾಡ್ತಾ ಇದ್ದರೆ ಕ್ಯೂ ಉಕ್ಕುತ್ತೆ. ಇಲ್ಲಿ ಉಕ್ಕೋದು ಆಮ್ಲ. ದೋಸೆ ಹಿಟ್ಟು ಸೆಖೆಗಾಲದಲ್ಲಿ ಹುಳಿ ಬರುತ್ತಲ್ಲ, ಹಾಗೆ ಡೈಜೆಸ್ಟರ್ ಕೂಡ ಹುಳಿ ಬರುತ್ತೆ. ಹುಳಿ ಹೆಚ್ಚಾದರೆ ಮೀಥೇನ್ ಮಾಡೋ ಗುಂಪು ಕೆಲಸ ನಿಲ್ಲಿಸುತ್ತೆ, ಆಗ ಹುಳಿ ಇನ್ನೂ ಏರುತ್ತೆ. ಪಿಎಚ್ 7ರ ಆಸುಪಾಸಿನಲ್ಲಿರಬೇಕು, ಬಿಸಿ ನಮ್ಮ ಮೈಯಷ್ಟೇ, ಅಂದ್ರೆ 35ರಿಂದ 37 ಡಿಗ್ರಿ ಇರಬೇಕು, ಒಳಗೆ ಹಾಕಿದ್ದು ಸಾಮಾನ್ಯವಾಗಿ 15ರಿಂದ 30 ದಿನ ಅಲ್ಲೇ ಇರಬೇಕು. ಒಂದು ದಿನ ಉಪವಾಸ, ಮಾರನೇ ದಿನ ಮದುವೆ ಊಟ ಅನ್ನೋ ಹಾಗೆ ತಿನ್ನಿಸೋಕಾಗಲ್ಲ.

ನಮ್ಮೂರ ಕಡೆ ಗೋಬರ್ ಗ್ಯಾಸ್ ನೋಡಿ ಬೆಳೆದವರಿಗೆ ಒಂದು ಸಂಶಯ ಬರಬಹುದು. ಸಗಣಿಯಲ್ಲೇ ಅಷ್ಟು ಸಲೀಸಾಗಿ ನಡೆಯುತ್ತಲ್ಲ, ಇಲ್ಲೇನು ಇಷ್ಟು ಕಷ್ಟ? ಕಾರಣ ಸರಳ. ಹಿಂದೆ ಮನೆಯ ಕಲಗಚ್ಚು ಹಸುವಿಗೆ ಹೋಗ್ತಿತ್ತು. ಶಕ್ತಿಯ ಒಳ್ಳೇ ಪಾಲನ್ನು ಹಸು ತಗೊಂಡು, ಹಾಲು ಕೊಟ್ಟು, ಉಳಿದದ್ದನ್ನು ಸಗಣಿ ಮಾಡಿ ಕೊಡ್ತಿತ್ತು. ಗೋಬರ್ ಗ್ಯಾಸಿಗೆ ಸಿಗ್ತಿದ್ದದ್ದು ಆ ಉಳಿಕೆ. ಅದರಲ್ಲಿ ಶಕ್ತಿ ಕಡಿಮೆ, ಆದರೆ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಜೊತೆಯಲ್ಲೇ ಬರ್ತವೆ, ಹುಳಿ ತಡೆಯೋ ಗುಣವೂ ಇರುತ್ತೆ. ಹಾಗಾಗಿ ಸಲೀಸು. ಮನುಷ್ಯರ ಮಲದ ಸ್ಲಡ್ಜ್ ಕೂಡ ಹಾಗೇ, ಅದರ ಶಕ್ತಿಯನ್ನ ನಾವು ಆಗಲೇ ತಗೊಂಡಿರ್ತೀವಿ. ತಟ್ಟೆಯಲ್ಲಿ ಉಳಿದ ಅನ್ನ ಮಾತ್ರ ಯಾರ ಹೊಟ್ಟೆಗೂ ಹೋಗಿಲ್ಲ. ಶಕ್ತಿ ಪೂರ್ತಿ ಹಾಗೇ ಇದೆ. ಬೇಗ ಕರಗುತ್ತೆ, ಬೇಗ ಹುಳಿಯಾಗುತ್ತೆ.

ಬೇ ಬ್ರಿಡ್ಜ್ ಪಕ್ಕದ ಘಟಕ

ಈಗ ಫಾರಿನ್ ಕಥೆ. ಆನ್‌ಸೈಟ್ ಅಂತ ಬೇ ಏರಿಯಾಗೆ ಹೋಗಿದ್ದವರು ಓಕ್‌ಲ್ಯಾಂಡ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬೇ ಬ್ರಿಡ್ಜ್ ಹತ್ತಿರ್ತೀರಿ. ಆ ಸೇತುವೆಯ ಬುಡದಲ್ಲೇ ಒಂದು ದೊಡ್ಡ ಕೊಳಚೆ ಶುದ್ಧೀಕರಣ ಘಟಕ ಇದೆ. ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ ಅನ್ನೋ ಸಾರ್ವಜನಿಕ ಸಂಸ್ಥೆಯದು. ಸುಮಾರು ಏಳು ಲಕ್ಷ ಜನರ ಕೊಳಚೆ ಅಲ್ಲಿಗೆ ಬರುತ್ತೆ.

ಅವರು ಮಾಡಿದ್ದರ ಹಿಂದೆ ಮಹಾ ಆದರ್ಶ ಏನೂ ಇರಲಿಲ್ಲ, ಖಾಲಿ ಜಾಗ ಇತ್ತು. ಒಂದು ಕಾಲದಲ್ಲಿ ಆ ಭಾಗದಲ್ಲಿ ಹಣ್ಣು ತರಕಾರಿ ಡಬ್ಬಿಗೆ ತುಂಬೋ ಕಾರ್ಖಾನೆಗಳು ತುಂಬಾ ಇದ್ದವು. ಅವುಗಳ ಕೊಳಚೆಯನ್ನೂ ಲೆಕ್ಕಕ್ಕೆ ಹಿಡಿದು ಘಟಕವನ್ನು ದೊಡ್ಡದಾಗಿ ಕಟ್ಟಿದ್ರು. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಹೋದವು. ಡೈಜೆಸ್ಟರುಗಳು ಅರೆಹೊಟ್ಟೆಯಲ್ಲಿ ಉಳಿದವು. ಸರ್ವರ್ ತಗೊಂಡಾಗಿದೆ, ಲೋಡ್ ಇಲ್ಲ ಅನ್ನೋ ಸ್ಥಿತಿ. 2000ದ ದಶಕದ ಮೊದಲಲ್ಲಿ ಅವರು ಹೊರಗಿನ ತ್ಯಾಜ್ಯವನ್ನು ಲಾರಿಯಲ್ಲಿ ತರಿಸಿಕೊಳ್ಳೋಕೆ ಶುರು ಮಾಡಿದ್ರು. ವೈನ್ ತಯಾರಿಕೆಯ ಕೊಳೆ, ಹಾಲಿನ ಡೈರಿಯ ತ್ಯಾಜ್ಯ, ಹೋಟೆಲುಗಳ ಜಿಡ್ಡು, ಆಮೇಲೆ ಹೋಟೆಲ್ ಮತ್ತು ಅಂಗಡಿಗಳ ಊಟದ ಕಸ. ತಂದು ಹಾಕೋರಿಂದ ಶುಲ್ಕ ತಗೊಂಡ್ರು, ಗ್ಯಾಸಿನಿಂದ ಕರೆಂಟನ್ನೂ ಮಾಡಿದ್ರು.

ಗ್ಯಾಸ್ ಎಷ್ಟು ಹೆಚ್ಚಾಯ್ತು ಅಂದ್ರೆ ಇದ್ದ ಎಂಜಿನ್ನುಗಳು ಸಾಲಲಿಲ್ಲ, 4.6 ಮೆಗಾವ್ಯಾಟಿನ ಟರ್ಬೈನ್ ಒಂದನ್ನು ಸೇರಿಸಿದ್ರು. 2012ರಲ್ಲಿ ಆ ಘಟಕ ತನಗೆ ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ ಮಾಡಿ ಹೊರಗೆ ಮಾರಿತು. ಉತ್ತರ ಅಮೆರಿಕದಲ್ಲಿ ಈ ಮಟ್ಟ ಮುಟ್ಟಿದ ಮೊದಲ ಕೊಳಚೆ ಘಟಕ ಅದು. ಕೊಳಚೆ ಘಟಕ ಅಂದ್ರೆ ನಗರಸಭೆಯ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಬಾಬ್ತು, ಅದು ಮಾರೋ ಕಡೆಗೆ ಬಂದದ್ದು ಸಣ್ಣ ವಿಷಯ ಅಲ್ಲ.

ಊಟದ ಕಸದ ಬಲ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಘಟಕದಲ್ಲಿ ಮಾಡಿಸಿದ ಪರೀಕ್ಷೆಯಲ್ಲೂ ಕಂಡಿತು. ಅದೇ ತೂಕದ ಕೊಳಚೆ ಸ್ಲಡ್ಜಿಗೆ ಹೋಲಿಸಿದರೆ ಊಟದ ಕಸ ಸುಮಾರು ಮೂರು ಪಟ್ಟು ಮೀಥೇನ್ ಕೊಡಬಲ್ಲದು. ಕಾರಣ ಆಗಲೇ ಹೇಳಿದೆನಲ್ಲ: ಒಂದು ತಿಂದು ಮುಗಿಸಿದ ಊಟ, ಇನ್ನೊಂದು ತಿನ್ನದ ಊಟ.

ಬರೀ ಊಟದ ಕಸದ ಡೈಜೆಸ್ಟರ್ ಮಾಡಿದರೆ ಸಾಲದೆ, ಕೊಳಚೆ ಯಾಕೆ ಬೇಕು ಅಂತ ಕೇಳಬಹುದು. ಮಾಡಬಹುದು, ಮಾಡ್ತಾರೆ. ಆದರೆ ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ಊಟದಲ್ಲಿ ಶಕ್ತಿ ಇದೆ, ಹುಳಿಯಾಗೋ ಗುಣವೂ ಇದೆ. ಕೊಳಚೆ ಸ್ಲಡ್ಜಿನಲ್ಲಿ ಶಕ್ತಿ ಕಡಿಮೆ, ಹುಳಿ ತಡೆಯೋ ಕ್ಷಾರ ಇದೆ, ಸೂಕ್ಷ್ಮಜೀವಿಗಳ ದೊಡ್ಡ ಹಿಂಡಿದೆ. ಮೀಥೇನ್ ಮಾಡೋ ಗುಂಪಿಗೆ ಬೇಕಾದ ನಿಕ್ಕಲ್, ಕೋಬಾಲ್ಟ್‌ನಂಥ ಲೋಹಗಳ ಅಣು ಅಂಶವೂ ಇದೆ. ಬರೀ ಊಟದ ಕಸದಲ್ಲಿ ನಡೆಯೋ ಡೈಜೆಸ್ಟರುಗಳಿಗೆ ಕಾಲ ಕಳೆದಂತೆ ಈ ಲೋಹಗಳ ಕೊರತೆ ಬರೋದುಂಟು.

ಇದೆಲ್ಲಾ ಪುಕ್ಕಟೆ ಅಂತಲೂ ತಿಳೀಬೇಡಿ. ಊಟದ ಕಸ ಬರುವಾಗ ಚಮಚ, ಮೂಳೆ, ಪ್ಲಾಸ್ಟಿಕ್, ಗಾಜು ಜೊತೆಗೇ ಬರ್ತವೆ. ಅದನ್ನೆಲ್ಲಾ ತೆಗೆದು, ಅರೆದು, ನೀರು ಬೆರೆಸಿ ಗಂಜಿಯ ಹದಕ್ಕೆ ತಂದ ಮೇಲೇ ಒಳಗೆ ಹಾಕಬೇಕು. ಇಲ್ಲದಿದ್ದರೆ ಪಂಪು ಸವೆಯುತ್ತೆ, ಟ್ಯಾಂಕಿನ ತಳದಲ್ಲಿ ಕಲ್ಲು ಮರಳು ಕೂರುತ್ತೆ. ಇನ್ನೊಂದು ವಿಷಯ, ಬೇಳೆ ಮಾಂಸದ ಪ್ರೋಟೀನಿನಲ್ಲಿರೋ ಸಾರಜನಕ ಗ್ಯಾಸಾಗಿ ಹೋಗಲ್ಲ. ಅಮೋನಿಯಾ ಆಗಿ ನೀರಿನಲ್ಲೇ ಉಳಿಯುತ್ತೆ, ಆ ನೀರನ್ನು ಮತ್ತೆ ಶುದ್ಧ ಮಾಡಬೇಕು.

ನಾವಿರೋ ಊರುಗಳಲ್ಲಿ

ಇದು ಪರದೇಶದ ಐಡಿಯಾ ಅಂತ ಅಂದ್ಕೊಂಡಿದ್ರೆ, ಮುಂಬೈಯವರು ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೊಳ್ಳಿ. ನಮ್ಮ ಮೈಸೂರು ಅಸೋಸಿಯೇಷನ್ ಇರೋ ಮಾಟುಂಗಾದಲ್ಲೇ, 1897ರಲ್ಲಿ ಕುಷ್ಠರೋಗಿಗಳ ಆಶ್ರಮವೊಂದರಲ್ಲಿ ಶೌಚದ ಟ್ಯಾಂಕಿನ ಗ್ಯಾಸಿನಿಂದ ದೀಪ ಉರಿಸಿದ ದಾಖಲೆ ಇದೆ. ಬಯೋಗ್ಯಾಸಿನ ಚರಿತ್ರೆ ಬರೆಯೋರು ಜಗತ್ತಿನಾದ್ಯಂತ ಈ ಮಾಟುಂಗಾವನ್ನು ಹೆಸರಿಸ್ತಾರೆ.

ಚೆನ್ನೈಯಲ್ಲಿ ಕೊಡುಂಗೈಯೂರು, ಕೋಯಂಬೇಡು, ಪೆರುಂಗುಡಿ, ನೆಸಪಾಕ್ಕಂ ಘಟಕಗಳಲ್ಲಿ ಸ್ಲಡ್ಜಿನ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡುವ ವ್ಯವಸ್ಥೆ ಕಟ್ಟಿದ್ದಾರೆ. ಕೋಯಂಬೇಡು ನೋಡಿ, ಎಷ್ಟು ಕುತೂಹಲದ ಜಾಗ. ಊರಿಗೆ ಬಸ್ ಹತ್ತೋಕೆ ಹೋದವರಿಗೆಲ್ಲಾ ಗೊತ್ತು, ಅಲ್ಲೇ ದೊಡ್ಡ ತರಕಾರಿ ಮಾರುಕಟ್ಟೆ, ಅದೇ ಬಡಾವಣೆಯಲ್ಲಿ ಕೊಳಚೆ ಘಟಕ. ಮಾರುಕಟ್ಟೆ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ, ಕೊಳಚೆ ಮೆಟ್ರೋವಾಟರ್ ಮಂಡಳಿಯ ಕೈಯಲ್ಲಿ, ಮನೆಗಳ ಕಸ ಮಹಾನಗರ ಪಾಲಿಕೆಯ ಕೈಯಲ್ಲಿ. ನಮ್ಮ ಎಲ್ಲಾ ನಗರಗಳಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಊಟದ ಕಸ ಒಂದು ಇಲಾಖೆ, ಕೊಳಚೆ ಇನ್ನೊಂದು ಇಲಾಖೆ. ಸೂಕ್ಷ್ಮಜೀವಿಗಳು ಸೇರಿ ಕೆಲಸ ಮಾಡೋಕೆ ರೆಡಿ ಇದ್ದಾವೆ, ಸೇರಬೇಕಾದ್ದು ಫೈಲುಗಳು.

ಆ ಗೋಡೆ ದಾಟಿದ ಒಂದು ಉದಾಹರಣೆ ನಮ್ಮ ಪುಣೆಯಿಂದ ಐದಾರು ಗಂಟೆ ದೂರದ ನಾಶಿಕದಲ್ಲಿದೆ. ಜರ್ಮನಿಯ ಜಿಐಝಡ್ ಸಂಸ್ಥೆಯ ನೆರವಿನಿಂದ ಅಲ್ಲಿನ ಪಾಲಿಕೆ 2017ರಲ್ಲಿ ಶುರು ಮಾಡಿದ ಘಟಕದಲ್ಲಿ ಹೋಟೆಲುಗಳ ಊಟದ ಕಸ ಮತ್ತು ಸಾರ್ವಜನಿಕ ಶೌಚಾಲಯಗಳ ಟ್ಯಾಂಕಿನ ಮಲ ಎರಡನ್ನೂ ಒಂದೇ ಡೈಜೆಸ್ಟರಿಗೆ ಹಾಕುವಂತೆ ವಿನ್ಯಾಸ ಮಾಡಿದ್ರು. ಸಾಮರ್ಥ್ಯ ದಿನಕ್ಕೆ 30 ಟನ್. ಓಕ್‌ಲ್ಯಾಂಡಿನ ತತ್ವವೇ, ನಮ್ಮ ಊರಿನ ಅಳತೆಗೆ.

ಹೈದರಾಬಾದಿನವರು ಬೋಯಿನ್‌ಪಲ್ಲಿ ತರಕಾರಿ ಮಾರುಕಟ್ಟೆ ನೋಡಿ ಬನ್ನಿ. ಅಲ್ಲಿ ಕೊಳಚೆ ಸೇರಿಸಲ್ಲ, ಬರೀ ಮಾರುಕಟ್ಟೆಯ ಕಸ. ದಿನಕ್ಕೆ ಸುಮಾರು 10 ಟನ್ ಕಸದಿಂದ ಸುಮಾರು 500 ಯೂನಿಟ್ ಕರೆಂಟು. ಹತ್ತು ಟನ್ನಿಗೆ ಇಷ್ಟೇನಾ ಅನ್ನಿಸಬಹುದು. ಸೌತೆಕಾಯಿ, ಟೊಮೆಟೊ, ಸೊಪ್ಪು ಅಂದ್ರೆ ನೂರಕ್ಕೆ ತೊಂಬತ್ತು ಪಾಲು ನೀರೇ. ಅನ್ನ, ಬೇಳೆ, ಎಣ್ಣೆ ಇರುವ ಹೋಟೆಲ್ ಕಸದಲ್ಲಿ ಗ್ಯಾಸ್ ಇದಕ್ಕಿಂತ ಹೆಚ್ಚು.

ಇದೇನೂ ಮಾಡದೆ ಬಿಟ್ಟರೆ ಏನಾಗುತ್ತೆ? ಆಗಲೂ ಮೀಥೇನ್ ಆಗುತ್ತೆ, ಕಸದ ಗುಡ್ಡದೊಳಗೆ. ದೇವನಾರ್, ಗಾಜೀಪುರ, ಭಲಸ್ವಾ, ಪೆರುಂಗುಡಿ, ನಮ್ಮ ಪುಣೆಯ ಉರುಳಿ ದೇವಾಚಿ. ಗುಡ್ಡದ ಅಡಿಯಲ್ಲಿ ಗಾಳಿ ಆಡಲ್ಲ, ಹಸಿಕಸ ಅಲ್ಲೇ ಕೊಳೆತು ಗ್ಯಾಸ್ ಬಿಡುತ್ತೆ, ಆ ಗ್ಯಾಸಿಗೆ ಬೆಂಕಿ ಹತ್ತುತ್ತೆ. 2016ರ ಜನವರಿಯಲ್ಲಿ ದೇವನಾರಿನ ಹೊಗೆ ಉಪಗ್ರಹದ ಚಿತ್ರದಲ್ಲೂ ಕಂಡಿತ್ತು. ಸುಡದೆ ಹಾಗೇ ಮೇಲೆ ಹೋದ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತೆ. ಅದಕ್ಕೂ ಮೊದಲು ಕೆಮ್ಮೋದು ಆ ಗುಡ್ಡದ ಪಕ್ಕದಲ್ಲಿರೋ ಜನ. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನವರು ಎಷ್ಟು ವರ್ಷ ಹೋರಾಡಿದ್ರು ಅನ್ನೋದು ನಿಮಗೆಲ್ಲಾ ನೆನಪಿರುತ್ತೆ.

ಸೊಸೈಟಿ ಮೀಟಿಂಗಿಗೆ ಹೋಗುವ ಮುನ್ನ

ಈಗ ಕೈಗೆ ಬರುವಂಥ ನಾಲ್ಕು ಮಾತು.

ಒಂದು, ಗ್ರೈಂಡರ್ ಮಾತು ಬಂದರೆ ಒಂದೇ ಪ್ರಶ್ನೆ ಕೇಳಿ: "ನಮ್ಮ ಕೊಳಚೆ ಹೋಗುವ ಕಡೆ ಡೈಜೆಸ್ಟರ್ ಇದೆಯಾ, ಅದರ ಗ್ಯಾಸನ್ನ ಬಳಸ್ತಾರಾ?" ಎರಡಕ್ಕೂ ಹೌದು ಅಂತ ಬರದಿದ್ದರೆ ಬೇಡ ಅನ್ನಿ.

ಎರಡು, ಸೊಸೈಟಿಯಲ್ಲೇ ಬಯೋಗ್ಯಾಸ್ ಘಟಕ ಅಂದರೆ ಲೆಕ್ಕ ಹಾಕಿ. 400 ಮನೆ, ಮನೆಗೆ ಅರ್ಧ ಕಿಲೋ ಹಸಿಕಸ ಅಂದ್ಕೊಂಡರೆ ದಿನಕ್ಕೆ 200 ಕಿಲೋ. ಎಲ್ಲಾ ಸರಿಯಾಗಿ ನಡೆದರೆ 15ರಿಂದ 20 ಘನ ಮೀಟರ್ ಬಯೋಗ್ಯಾಸ್, ಅಂದ್ರೆ ಸುಮಾರು ಎರಡು ದಿನಕ್ಕೆ ಒಂದು ಮನೆ ಸಿಲಿಂಡರಿನಷ್ಟು. ಅದನ್ನು ದಿನಾ ಉರಿಸೋಕೆ ಒಲೆ ಎಲ್ಲಿದೆ? ಕ್ಲಬ್‌ಹೌಸ್ ಅಡುಗೆಮನೆಯೋ, ಸಿಬ್ಬಂದಿಯ ಕ್ಯಾಂಟೀನೋ ಇದ್ದರೆ ಸರಿ. ಬಳಸೋರಿಲ್ಲದೆ ಗ್ಯಾಸ್ ಮಾಡಿದರೆ ಅದು ಗಾಳಿಗೇ ಹೋಗೋದು. ಮಾರೋಕೆ ಬಂದವರ ಸ್ಲೈಡಿನಲ್ಲಿ ಗ್ಯಾಸ್ ಎಷ್ಟು ಅಂತ ಇರುತ್ತೆ, ಒಲೆ ಎಲ್ಲಿ ಅಂತ ಇರಲ್ಲ.

ಮೂರು, ಸುರಕ್ಷತೆ. ಈ ಗ್ಯಾಸಿನಲ್ಲಿ ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ, ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗಲ್ಲ, ಮನುಷ್ಯ ಅಲ್ಲೇ ಬಿದ್ದುಹೋಗ್ತಾನೆ. ಎತ್ತೋಕೆ ಇಳಿದವನೂ ಬೀಳ್ತಾನೆ. ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಒಂದು ಕಿಡಿ ಸಾಕು. ಆದ್ದರಿಂದ ಡೈಜೆಸ್ಟರ್ ಬೇಸ್‌ಮೆಂಟಿನಲ್ಲಿ ಬೇಡ, ಬಯಲಿನಲ್ಲಿರಲಿ. ಗ್ಯಾಸ್ ಅಳೆಯೋ ಸಾಧನ ಇರಲಿ. ಸಲಕರಣೆ, ತರಬೇತಿ ಇಲ್ಲದೆ ಯಾರನ್ನೂ ಟ್ಯಾಂಕಿಗೆ ಇಳಿಸೋ ಹಾಗಿಲ್ಲ, 2013ರ ಕಾಯ್ದೆ ಪ್ರಕಾರ ಅದು ಅಪರಾಧ. ಎಎಂಸಿ ಒಪ್ಪಂದದಲ್ಲಿ ಇದನ್ನು ಬರೆಸಿಕೊಳ್ಳಿ. ನಾವು ಕಮಿಟಿಯಲ್ಲಿ ರೇಟಿನ ಬಗ್ಗೆ ಒಂದು ಗಂಟೆ ಚೌಕಾಸಿ ಮಾಡ್ತೀವಿ, ಈ ಸಾಲಿಗೆ ಐದು ನಿಮಿಷ ಕೊಡೋದು ಕಷ್ಟವಲ್ಲ.

ನಾಲ್ಕು, ಹಸಿಕಸ ಬೇರೆ ಮಾಡೋದು. ಕಸ ಗೊಬ್ಬರಕ್ಕೆ ಹೋಗಲಿ, ಸೊಸೈಟಿಯ ಡೈಜೆಸ್ಟರಿಗೆ ಹೋಗಲಿ, ಪಾಲಿಕೆಯ ಘಟಕಕ್ಕೆ ಹೋಗಲಿ, ಒಂದು ಶಾಂಪೂ ಸ್ಯಾಶೆ, ಒಂದು ಡೈಪರ್ ಸೇರಿದರೆ ಯಾರೋ ಕೈ ಹಾಕಿ ತೆಗೀಬೇಕು. ಓಕ್‌ಲ್ಯಾಂಡಿನಲ್ಲಿ ಅದಕ್ಕೆ ಯಂತ್ರ ಇದೆ. ನಮ್ಮಲ್ಲಿ ಬಹುಪಾಲು ಕಡೆ ಅದು ಯಾವುದೋ ತಾಯಿಯ ಬರಿಗೈ.

ಇಷ್ಟೆಲ್ಲಾ ತಂತ್ರಜ್ಞಾನದಲ್ಲಿ ನಮ್ಮ ಕೈಯಲ್ಲಿರೋ ಭಾಗ ಅದೊಂದೇ, ಅಡುಗೆಮನೆಯ ಎರಡು ಡಬ್ಬಿ. ಅದು ಸರಿಯಿದ್ದರೆ ಮುಂದಿನ ಯಾವ ದಾರಿಯಾದರೂ ನಡೆಯುತ್ತೆ, ಅದು ಕೆಟ್ಟರೆ ಕೋಟಿ ರೂಪಾಯಿಯ ಘಟಕವೂ ಕೆಡುತ್ತೆ.

ನಿಮ್ಮ ಸೊಸೈಟಿಯಲ್ಲಿ ಬಯೋಗ್ಯಾಸ್ ಘಟಕ ನಿಜವಾಗಿ ಓಡ್ತಾ ಇದ್ದರೆ, ದಿನಕ್ಕೆ ಎಷ್ಟು ಕಿಲೋ ಹಾಕ್ತೀರಿ, ಎಷ್ಟು ಗಂಟೆ ಒಲೆ ಉರಿಯುತ್ತೆ ಅಂತ ಕೆಳಗೆ ಬರೀರಿ. ನಿಂತುಹೋಗಿದ್ದರೆ ಯಾಕೆ ಅಂತಲೂ ಬರೀರಿ, ಮೀಟಿಂಗಿಗೆ ಹೋಗೋರಿಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತೆ. ಮುಂದಿನ ವಾರ ಸಿಗೋಣ.